ಎದುರುಗಾಳಿಯ ರೇಸ್: ಸ್ಟಾರ್ಟ್ ಲೈನಿನಿಂದ ಮೊದಲ ಮಾರ್ಕ್‌ವರೆಗೆ ಹಂತ ಹಂತವಾಗಿ

ಹಾಯಿ ಕಟ್ಟಲು ಬರುತ್ತದೆ, ಟ್ಯಾಕ್ ಮಾಡಲು (ಮೂತಿಯನ್ನು ಗಾಳಿಯ ಮೂಲಕ ತಿರುಗಿಸಿ ಹಾಯಿಯನ್ನು ಇನ್ನೊಂದು ಬದಿಗೆ ತರಲು) ಬರುತ್ತದೆ, ದೋಣಿಯೂ ಚೆನ್ನಾಗಿ ಓಡುತ್ತದೆ. ಆದರೂ ಮೊದಲ ಮಾರ್ಕ್ (ಸುತ್ತಿ ಹೋಗಬೇಕಾದ ತೇಲುಗುರುತು) ಸುತ್ತುವ ಹೊತ್ತಿಗೆ ಮುಂದೆ ಹತ್ತು ದೋಣಿ ಇರುತ್ತವೆ. ಈ ತಕರಾರು ಹೇಳುವವರಲ್ಲಿ ಹೆಚ್ಚಿನವರು ಸೋತಿರುವುದು ದಾರಿಯ ಆಯ್ಕೆಯಲ್ಲಿ. ಹಾಯಿದೋಣಿ ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲಾರದು. ಹೆಚ್ಚುಕಡಿಮೆ 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗಬೇಕು. ಗಾಳಿಯ ದಿಕ್ಕು ಅಲುಗದೆ ನಿಂತರೂ 500 ಮೀಟರ್ ದೂರದ ಮಾರ್ಕ್‌ಗೆ ಸುಮಾರು 700 ಮೀಟರ್ ಓಡಬೇಕು. ಗಾಳಿಯಂತೂ ಅಲುಗುತ್ತಲೇ ಇರುತ್ತದೆ. ಆ 700 ಮೀಟರ್ 650ಕ್ಕೆ ಇಳಿಯುತ್ತದೋ 800ಕ್ಕೆ ಏರುತ್ತದೋ ಎನ್ನುವುದರ ಮೇಲೆ ನಿಮ್ಮ ಸ್ಥಾನ ನಿಂತಿದೆ.

ತಪ್ಪುವ ಜಾಗಗಳು ಮುಖ್ಯವಾಗಿ ಮೂರು: ಸ್ಟಾರ್ಟ್‌ಗೆ ಮೊದಲು ಗಾಳಿಯ ಅಂಕಿ ಬರೆದುಕೊಳ್ಳದಿರುವುದು, ಗಾಳಿ ಕುಗ್ಗಿದಾಗಲೆಲ್ಲ ಟ್ಯಾಕ್ ಹೊಡೆಯುವುದು, ಲೇಲೈನಿಗೆ (ಇನ್ನು ಟ್ಯಾಕ್ ಮಾಡದೆ ಮಾರ್ಕ್ ಮುಟ್ಟಬಹುದಾದ ಗೆರೆಗೆ) ತೀರ ಬೇಗ ಹೋಗಿ ಸೇರುವುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದನ್ನು ಬಿಟ್ಟರೆ ನಾಲ್ಕನೆಯದು ಬರೀ ಊಹೆಯಾಗುತ್ತದೆ.

ಉದಾಹರಣೆಗೆ ತುಂಗಭದ್ರಾ ಹಿನ್ನೀರಿನ ಎಡದಂಡೆ, ಅಂದರೆ ಮುನಿರಾಬಾದ್ ಕಡೆಯನ್ನು ತೆಗೆದುಕೊಂಡಿದ್ದೇವೆ. ದೋಣಿ ಐಎಲ್‌ಸಿಎ, ಹಳಬರ ಬಾಯಲ್ಲಿ ಲೇಸರ್, ಉದ್ದ 4.2 ಮೀಟರ್. ಆಪ್ಟಿಮಿಸ್ಟ್ ನಡೆಸುವ ಮಕ್ಕಳಿಗೂ ಲೆಕ್ಕ ಇದೇ, ದೋಣಿಯ ಉದ್ದ ಮಾತ್ರ 2.3 ಮೀಟರ್.

ನೀರಿಗಿಳಿಯುವ ಮೊದಲು: ಅಣೆಕಟ್ಟು ಯಾವ ಕಡೆ ಇದೆ?

ಜಲಾಶಯ ಅಣೆಕಟ್ಟಿನಿಂದ ಪಶ್ಚಿಮ ಮತ್ತು ನೈರುತ್ಯಕ್ಕೆ ಉದ್ದವಾಗಿ ಚಾಚಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿಯೂ ಅದೇ ದಿಕ್ಕಿನಿಂದ ಬೀಸುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಗಾಳಿ ನೀರಿನ ಉದ್ದಕ್ಕೂ ಓಡಿ ಬಂದು ಅಣೆಕಟ್ಟಿಗೆ ಬಡಿಯುತ್ತದೆ. ಅಲೆ ಎತ್ತರವಾಗಿ, ಒತ್ತೊತ್ತಾಗಿ ಏಳುವುದೂ ಅಣೆಕಟ್ಟಿನ ತುದಿಯಲ್ಲೇ. ಮಗುಚಿದ ದೋಣಿ ತೇಲಿಹೋಗುವುದು ಗೇಟುಗಳ ಕಡೆಗೆ, ಕಾಲುವೆಯ ಬಾಯಿಯ ಕಡೆಗೆ. ಜೋರು ಗಾಳಿಯಲ್ಲಿ ಅದು ಗಂಟೆಗೆ ಒಂದೆರಡು ಕಿಲೋಮೀಟರ್ ತೇಲಬಹುದು. ಗೇಟು ತೆರೆದು ನೀರು ಬಿಡುತ್ತಿರುವ ದಿನ ದೋಣಿ ಇಳಿಸಲೇಬೇಡಿ. ಉಳಿದ ದಿನವೂ ಅಣೆಕಟ್ಟಿನ ಆಡಳಿತದ ಲಿಖಿತ ಅನುಮತಿ, ಎಂಜಿನ್ ಇರುವ ರಕ್ಷಣಾ ದೋಣಿ ಎರಡೂ ಇರಲೇಬೇಕು. ಕೋರ್ಸಿನ ಕೆಳಗಿನ (ಗಾಳಿ ಹೋಗುವ ಕಡೆಯ) ಮಾರ್ಕ್ ಅಣೆಕಟ್ಟಿನಿಂದ ಕನಿಷ್ಠ ಎರಡು ಕಿಲೋಮೀಟರ್ ದೂರ ಇರಲಿ.

ಚಳಿಗಾಲದಲ್ಲಿ ಎಲ್ಲ ತಿರುಗುಮುರುಗು. ಈಶಾನ್ಯದ ಗಾಳಿ ಮೆಲ್ಲಗೆ ಬೀಸುವಾಗ ಅಣೆಕಟ್ಟು ಗಾಳಿಯ ಮೇಲ್ಬದಿಗೆ ಬರುತ್ತದೆ. ಆಗ ಮೇಲಿನ ಮಾರ್ಕ್ ಅದರ ಹತ್ತಿರ ಹೋಗದಂತೆ ಇಡಬೇಕು. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದು ದಂಡೆಯ ಬಳಿ ಮರದ ಮೋಟು, ಕಲ್ಲು, ಕೆಸರು ಮೇಲೆ ಬರುತ್ತವೆ. ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ) ಸುಮಾರು 80 ಸೆಂಟಿಮೀಟರ್ ಕೆಳಗಿಳಿದಿರುವುದರಿಂದ ಎದೆಮಟ್ಟದ ನೀರಿಗಿಂತ ಕಡಿಮೆ ಇರುವಲ್ಲಿಗೆ ಟ್ಯಾಕ್ ಒಯ್ಯಬೇಡಿ. ಮೀನು ಬಲೆಯ ತೇಲುಗಳ ಸಾಲು ಕಂಡರೆ ಸುತ್ತಿ ಹೋಗಿ. ಬಲೆ ಚುಕ್ಕಾಣಿಗೆ ಸಿಕ್ಕಿದರೆ ನಿಮ್ಮ ರೇಸೂ ಹೋಯಿತು, ಮೀನುಗಾರರ ದಿನದ ದುಡಿಮೆಯೂ ಹೋಯಿತು.

ಬೇಕಾದ ಸಾಮಾನು

ಡೆಕ್ ಮೇಲೆ ಕೂರಿಸುವ ಕಂಪಾಸು, ಹಿಂದಕ್ಕೆ ಎಣಿಸುವ ವಾಚು, ಒದ್ದೆಯಲ್ಲೂ ಬರೆಯುವ ಗ್ರೀಸ್ ಪೆನ್ಸಿಲ್, ಹಾಯಿಯ ಎರಡೂ ಬದಿಗೆ ಟೆಲ್‌ಟೇಲ್ (ಗಾಳಿಯ ಹರಿವು ತೋರಿಸುವ ಎಳೆ; ಹಗುರ ಉಣ್ಣೆ ದಾರವೂ ಸಾಕು), ಲೈಫ್ ಜಾಕೆಟ್, ಸೀಟಿ, ಮೂರು ಲೀಟರ್ ನೀರು. ರೇಸ್ ನಡೆಸುವವರು ಡಿಜಿಟಲ್ ಕಂಪಾಸಿಗೆ ಒಪ್ಪುತ್ತಾರೋ ಇಲ್ಲವೋ ಮೊದಲೇ ಕೇಳಿ. ಸಾದಾ ಕಂಪಾಸಿದ್ದರೆ ತಂಟೆಯಿಲ್ಲ. ದುಬಾರಿ ಜಿಪಿಎಸ್ ವಾಚು ಈ ಹಂತದಲ್ಲಿ ದಂಡ.

ಹಂತ 1: ಗಾಳಿಯ ಅಂಕಿ ಬರೆದುಕೊಳ್ಳಿ

ಸ್ಟಾರ್ಟ್‌ಗೆ 40 ನಿಮಿಷ ಮುಂಚೆ ನೀರಿನಲ್ಲಿರಿ. ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ, ಅಂದರೆ ಗಾಳಿ ಬಲಬದಿಯಿಂದ ಬರುವಂತೆ, ಎರಡು ಮೂರು ನಿಮಿಷ ಬಿಗಿಯಾಗಿ (ಗಾಳಿಗೆ ಆದಷ್ಟು ಹತ್ತಿರದ ಕೋನದಲ್ಲಿ) ನಡೆಸಿ ಕಂಪಾಸಿನ ಅಂಕಿ ಬರೆಯಿರಿ. ಆಮೇಲೆ ಪೋರ್ಟ್ ಟ್ಯಾಕ್‌ನಲ್ಲಿ, ಅಂದರೆ ಗಾಳಿ ಎಡಬದಿಯಿಂದ ಬರುವಂತೆ, ಅಷ್ಟೇ ಹೊತ್ತು ನಡೆಸಿ ಬರೆಯಿರಿ. ಕೊನೆಗೆ ಮೂತಿಯನ್ನು ನೇರ ಗಾಳಿಗೆ ಕೊಟ್ಟು, ಹಾಯಿ ನಟ್ಟನಡುವೆ ಪಟಪಟಿಸುವಾಗ ಕಾಣುವ ಅಂಕಿಯನ್ನೂ ಬರೆಯಿರಿ. ಗಾಳಿ 240 ಡಿಗ್ರಿಯಿಂದ ಬರುತ್ತಿದ್ದರೆ ಸ್ಟಾರ್‌ಬೋರ್ಡ್‌ನಲ್ಲಿ 195, ಪೋರ್ಟ್‌ನಲ್ಲಿ 285 ಸಿಗಬೇಕು.

ಇದನ್ನು ಐದೈದು ನಿಮಿಷಕ್ಕೊಮ್ಮೆ ಮಾಡಿ. ಬೇಕಾಗಿರುವುದು ಅಂಕಿಗಳ ಸಾಲು. ಒಂದೇ ಅಂಕಿಯಿಂದ ಏನೂ ತಿಳಿಯದು. ಗಾಳಿ 235, 245, 237, 246 ಎಂದು ಹೋಗಿಬರುತ್ತಿದ್ದರೆ ಅದು ತೂಗಾಡುವ ಗಾಳಿ. ಅದರ ನಡು 240ರ ಆಸುಪಾಸು. 236, 240, 244, 249 ಎಂದು ಒಂದೇ ಕಡೆ ಏರುತ್ತಿದ್ದರೆ ಗಾಳಿ ಬಲಕ್ಕೆ ತಿರುಗುತ್ತಲೇ ಹೋಗುತ್ತಿದೆ. ಈ ಎರಡಕ್ಕೂ ತಂತ್ರ ಪೂರಾ ಬೇರೆ, ಹಂತ 5 ನೋಡಿ.

ಡೆಕ್ ಮೇಲೆ ಎರಡು ಸಾಲು ಸಾಕು: «ಸ್ಟಾರ್‌ಬೋರ್ಡ್ 195, ಏರಿದರೆ ಲಿಫ್ಟ್» ಮತ್ತು «ಪೋರ್ಟ್ 285, ಏರಿದರೆ ಹೆಡರ್». ಗಾಳಿ ತಿರುಗಿ ಮೂತಿ ಮಾರ್ಕ್‌ನ ಕಡೆ ವಾಲುವುದು ಲಿಫ್ಟ್, ದೂರ ಸರಿಯುವುದು ಹೆಡರ್. ಸ್ಟಾರ್‌ಬೋರ್ಡ್‌ನಲ್ಲಿ ಅಂಕಿ ಏರಿದರೆ ಒಳ್ಳೆಯದು, ಪೋರ್ಟ್‌ನಲ್ಲಿ ಇಳಿದರೆ ಒಳ್ಳೆಯದು. ರೇಸಿನ ಗಡಿಬಿಡಿಯಲ್ಲಿ ಇದು ತಲೆಕೆಳಗಾಗುವುದು ತೀರ ಸಾಮಾನ್ಯ, ಅದಕ್ಕೇ ಬರೆದಿಡಬೇಕು.

ಸಾಮಾನ್ಯ ತಪ್ಪು: ಹೊಸಬರು ದಂಡೆಯ ಬಾವುಟ ನೋಡಿ ಗಾಳಿಯ ದಿಕ್ಕು ನಿರ್ಧರಿಸುತ್ತಾರೆ. ದಂಡೆ ದಾಟುವಾಗ ಗಾಳಿ ಸ್ವಲ್ಪ ಬಾಗುತ್ತದೆ. ದಂಡೆಯ ಅಂಕಿಗೂ ನೀರಿನ ನಡುವಿನ ಅಂಕಿಗೂ ಹತ್ತು ಡಿಗ್ರಿ ವ್ಯತ್ಯಾಸ ಬಂದರೆ ಅಚ್ಚರಿ ಪಡಬೇಕಿಲ್ಲ. ಕುಷ್ಟಗಿ ಕಡೆಯ ಗಾಳಿಯಂತ್ರಗಳ ಮೂತಿ ನೋಡಿ ದಿನದ ಗಾಳಿಯನ್ನು ಅಂದಾಜಿಸಬಹುದು, ರೇಸಿನ ಗಾಳಿಯನ್ನಲ್ಲ.

ಹಂತ 2: ಸ್ಟಾರ್ಟ್ ಲೈನಿನ ಯಾವ ತುದಿ ಮುಂದಿದೆ?

ಗಾಳಿಗೆ ಎದುರಾಗಿ ನಿಂತರೆ ಲೈನಿನ ಬಲತುದಿಯಲ್ಲಿ ರೇಸ್ ನಡೆಸುವವರ ಕಮಿಟಿ ದೋಣಿ, ಎಡತುದಿಯಲ್ಲಿ ಪಿನ್ ಎಂಬ ತೇಲುಗುರುತು ಇರುತ್ತದೆ. ಕಮಿಟಿ ದೋಣಿಯಿಂದ ಪಿನ್‌ನತ್ತ ಲೈನಿನ ಮೇಲೇ ನಡೆಸಿ ಕಂಪಾಸು ಓದಿ. ಬಂದ ಅಂಕಿಗೆ 90 ಕೂಡಿಸಿ. 150 ಬಂದರೆ ಮೊತ್ತ 240. ಗಾಳಿಯೂ 240 ಇದ್ದರೆ ಎರಡು ತುದಿಯೂ ಸಮ. ಗಾಳಿ 250 ಇದ್ದರೆ ಕಮಿಟಿ ದೋಣಿಯ ತುದಿ ಮುಂದೆ, 230 ಇದ್ದರೆ ಪಿನ್ ಮುಂದೆ. 100 ಮೀಟರ್ ಲೈನಿನಲ್ಲಿ 10 ಡಿಗ್ರಿ ವಾಲಿದರೆ ಒಳ್ಳೆಯ ತುದಿಯವರು ಗಾಳಿಯ ಕಡೆಗೆ 17 ಮೀಟರ್, ಅಂದರೆ ನಾಲ್ಕು ದೋಣಿ ಉದ್ದ ಮುಂದೆ ಹೊರಡುತ್ತಾರೆ.

ಹಾಗಂತ ಎಲ್ಲರ ಜೊತೆ ಆ ತುದಿಗೇ ನುಗ್ಗಬೇಡಿ. ವಾಲಿಕೆ ಐದು ಡಿಗ್ರಿಯೊಳಗಿದ್ದರೆ ಗುಂಪಿನಿಂದ ಮೂರ್ನಾಲ್ಕು ದೋಣಿ ಉದ್ದ ದೂರ, ಖಾಲಿ ಜಾಗದಲ್ಲಿ ಹೊರಡುವುದೇ ಲಾಭ. ಗುಂಪಿನ ಮೂರನೇ ಸಾಲಿನಲ್ಲಿ ಸಿಕ್ಕಿಕೊಂಡವರು ಒಳ್ಳೆಯ ತುದಿಯಲ್ಲಿದ್ದೂ ಕೆಟ್ಟ ಸ್ಟಾರ್ಟ್ ಪಡೆಯುತ್ತಾರೆ.

ಲೈನಿನ ನಡುವೆ ಹೊರಡುವವರಿಗೆ ಇನ್ನೊಂದು ಉಪಾಯ. ಮೊದಲೇ ಕಮಿಟಿ ದೋಣಿಯ ಆಚೆ ಹೋಗಿ ಅದರ ಬಾವುಟದ ಕೋಲು ಮತ್ತು ಪಿನ್ ಒಂದೇ ಗೆರೆಯಲ್ಲಿ ಕಾಣುವಂತೆ ನಿಲ್ಲಿ. ಆ ಗೆರೆ ಎದುರು ದಂಡೆಯಲ್ಲಿ ಯಾವುದಕ್ಕೆ ತಾಗುತ್ತದೆ ನೋಡಿ: ನೀರಿನ ಟ್ಯಾಂಕು, ಗುಡಿಯ ಗೋಪುರ, ಒಂಟಿ ಮರ, ಏನಾದರೂ ಸರಿ. ರೇಸಿನಲ್ಲಿ ಪಿನ್ ಮತ್ತು ಆ ಗುರುತು ಒಂದಾದರೆ ನೀವು ಲೈನಿನ ಮೇಲಿದ್ದೀರಿ. ಈ ಗುರುತು ಇಲ್ಲದವರು ಹೆದರಿ ಒಂದೂವರೆ ದೋಣಿ ಹಿಂದೆಯೇ ನಿಲ್ಲುತ್ತಾರೆ.

ಹಂತ 3: ಐದು ನಿಮಿಷದಿಂದ ಸೊನ್ನೆವರೆಗೆ

ಸಾಮಾನ್ಯ ಕ್ರಮದಲ್ಲಿ ಸ್ಟಾರ್ಟ್‌ಗೆ 5 ನಿಮಿಷ ಇರುವಾಗ ಕ್ಲಾಸಿನ (ದೋಣಿಯ ಬಗೆಯ) ಬಾವುಟ ಏರುತ್ತದೆ, 4ಕ್ಕೆ ಸಿದ್ಧತೆಯ ಬಾವುಟ ಏರುತ್ತದೆ, 1ಕ್ಕೆ ಅದು ಇಳಿಯುತ್ತದೆ, ಸೊನ್ನೆಗೆ ಕ್ಲಾಸಿನ ಬಾವುಟ ಇಳಿದು ಸ್ಟಾರ್ಟ್. ಸಮಯ ಎಣಿಸುವುದು ಬಾವುಟದಿಂದ. ಹಾರ್ನ್ ತಡವಾಗಿಯೂ ಕೇಳಿಸಬಹುದು, ಕೇಳಿಸದೆಯೂ ಇರಬಹುದು. ಸಿದ್ಧತೆಯ ಬಾವುಟ ಯು ಅಕ್ಷರದ್ದು ಅಥವಾ ಕಪ್ಪು ಬಣ್ಣದ್ದು ಆಗಿದ್ದರೆ, ಕೊನೆಯ ನಿಮಿಷದಲ್ಲಿ ಲೈನಿನ ಎರಡು ತುದಿ ಮತ್ತು ಮೊದಲ ಮಾರ್ಕ್ ಸೇರಿ ಆಗುವ ತ್ರಿಕೋನದೊಳಗೆ ಮೂತಿಯೂ ಹೋಗಬಾರದು. ಹೋದರೆ ಆ ರೇಸಿನಿಂದ ಹೊರಗೆ.

ಕೊನೆಯ 40 ಸೆಕೆಂಡ್‌ನಲ್ಲಿ ನಿಮ್ಮ ಕೆಳಬದಿಗೆ (ಗಾಳಿ ಹೋಗುವ ಕಡೆಗೆ) ಒಂದು ದೋಣಿ ಅಗಲದಷ್ಟಾದರೂ ಖಾಲಿ ನೀರು ಉಳಿಸಿಕೊಳ್ಳಿ. ವೇಗ ಹಿಡಿಯಲು ಮೂತಿ ಬಗ್ಗಿಸುವುದು (ಗಾಳಿಯಿಂದ ದೂರ ತಿರುಗಿಸುವುದು) ಆ ಜಾಗಕ್ಕೇ. ನಿಂತ ದೋಣಿ ಪೂರ್ತಿ ವೇಗಕ್ಕೆ ಬರಲು ಏಳೆಂಟು ಸೆಕೆಂಡ್ ಬೇಕು. ಎಷ್ಟು ಬೇಕೆಂದು ಬೆಳಿಗ್ಗೆಯೇ ಅಳೆದಿಟ್ಟಿರಿ. ಹೊರಟ ಮೇಲೆ ಮೊದಲ ಒಂದು ನಿಮಿಷ ತಂತ್ರ ಮರೆತುಬಿಡಿ. ದೋಣಿ ಚಪ್ಪಟೆಯಾಗಿ ಓಡಲಿ, ಟೆಲ್‌ಟೇಲ್ ಎರಡೂ ಹಿಂದಕ್ಕೆ ಹಾರಲಿ.

ಹಂತ 4: ನಿಜವಾದ ಹೆಡರ್, ಮೋಸದ ಹೆಡರ್

ಹೆಚ್ಚು ಜನ ಎಡವುವುದು ಇಲ್ಲಿಯೇ, ನಿಧಾನವಾಗಿ ಓದಿ.

ಗಾಳಿ ತಿರುಗಿ ನಿಮ್ಮ ಮೂತಿ ಮಾರ್ಕ್‌ನ ಕಡೆ ವಾಲಿದರೆ ಲಿಫ್ಟ್. ಮಾರ್ಕ್‌ನಿಂದ ದೂರ ತಳ್ಳಿದರೆ ಹೆಡರ್. ಲಿಫ್ಟ್ ಬಂದರೆ ಹಾಗೇ ಸಾಗಿ, ಹೆಡರ್ ಬಂದರೆ ಟ್ಯಾಕ್ ಮಾಡಿ. ಒಂದು ಟ್ಯಾಕ್‌ನಲ್ಲಿ ಹೆಡರ್ ಆದದ್ದು ಇನ್ನೊಂದರಲ್ಲಿ ಲಿಫ್ಟ್. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು: ದಿಕ್ಕು ಬದಲಾಗದೆ ಬರೀ ಜೋರು ಕುಗ್ಗಿದರೂ ದೋಣಿಯಲ್ಲಿ ಕೂತವರಿಗೆ ಹೆಡರ್ ಬಂದಂತೆಯೇ ಕಾಣುತ್ತದೆ. ದೋಣಿ ಹಳೆಯ ವೇಗದಲ್ಲೇ ಓಡುತ್ತಿರುತ್ತದೆ, ಅದರ ಓಟದಿಂದ ಹುಟ್ಟುವ ಗಾಳಿಯ ಪಾಲು ಹೆಚ್ಚುತ್ತದೆ, ಒಟ್ಟು ಗಾಳಿ ಮೂತಿಯ ಕಡೆಗೆ ಸರಿಯುತ್ತದೆ. ಹಾಯಿಯ ಮುಂದಿನ ಅಂಚು ಅದುರುತ್ತದೆ, ನೀವು ಮೂತಿ ಬಗ್ಗಿಸುತ್ತೀರಿ, ಕಂಪಾಸಿನ ಅಂಕಿಯೂ ಸ್ಟಾರ್‌ಬೋರ್ಡ್‌ನಲ್ಲಿ ಇಳಿಯುತ್ತದೆ, ಪೋರ್ಟ್‌ನಲ್ಲಿ ಏರುತ್ತದೆ. ಗಾಬರಿಯಿಂದ ಟ್ಯಾಕ್ ಮಾಡಿದರೆ ಇದ್ದ ವೇಗವನ್ನೂ ಕುಗ್ಗಿದ ಗಾಳಿಯಲ್ಲಿ ಕಳೆದುಕೊಂಡು ನಿಲ್ಲುತ್ತೀರಿ.

ಪರೀಕ್ಷೆ ಸರಳ:

1. ಅಂಕಿ ಹೀಗೆ ಹೆಡರ್ ಕಡೆ ಸರಿದೊಡನೆ ಕೈ ಆಡಿಸದೆ ಐದು ಸೆಕೆಂಡ್ ಎಣಿಸಿ.
2. ಮೈಮೇಲಿನ ಗಾಳಿ ಕುಗ್ಗಿದೆಯೇ? ದೋಣಿ ನಿಮ್ಮ ಕಡೆ ವಾಲಿ ನೀವು ಒಳಗೆ ಬರಬೇಕಾಯಿತೇ? ಹಾಗಿದ್ದರೆ ಮೋಸದ ಹೆಡರ್. ಮೇನ್‌ಶೀಟ್ (ಹಾಯಿಯನ್ನು ಬಿಗಿಯುವ ಹಗ್ಗ) ಒಂದು ಗೇಣು ಸಡಿಲಿಸಿ ಹಾಗೇ ಸಾಗಿ.
3. ಜೋರು ಹಾಗೇ ಇದ್ದು, ಅಂಕಿ ನಡುವಿಗಿಂತ ಐದು ಡಿಗ್ರಿಗೂ ಕೆಳಗೆ (ಪೋರ್ಟ್‌ನಲ್ಲಾದರೆ ಮೇಲೆ) ನಿಂತಿದ್ದರೆ ನಿಜವಾದ ಹೆಡರ್. ಟ್ಯಾಕ್ ಮಾಡಿ.

ಮೂರನೆಯದರಲ್ಲಿ «ನಡುವಿಗಿಂತ» ಎನ್ನುವುದನ್ನು ಹಾರಿಸಬೇಡಿ. ಸ್ಟಾರ್‌ಬೋರ್ಡ್‌ನ ನಡು 195. ನೀವು 205ರ ಲಿಫ್ಟ್‌ನಲ್ಲಿದ್ದು ಅದು 199ಕ್ಕೆ ಇಳಿದರೆ ಕಣ್ಣಿಗೆ ಹೆಡರ್, ಲೆಕ್ಕಕ್ಕೆ ಇನ್ನೂ ಲಿಫ್ಟ್. ಕಂಪಾಸಿಲ್ಲದವರು ಇಂಥಲ್ಲಿ ಟ್ಯಾಕ್ ಮಾಡಿ ಎರಡೂ ಕಡೆಯ ಹೆಡರನ್ನೇ ಆರಿಸಿಕೊಂಡು ಸಾಗುತ್ತಾರೆ. ಮಧ್ಯಮ ಗಾಳಿಯಲ್ಲಿ ಒಂದು ಟ್ಯಾಕ್‌ಗೆ ಒಂದೆರಡು ದೋಣಿ ಉದ್ದ ಖರ್ಚು, ಗಾಳಿ ತೀರ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಎರಡು ಮೂರು ಡಿಗ್ರಿಗೆಲ್ಲ ಟ್ಯಾಕ್ ಮಾಡುವುದು ಕೈಯಿಂದ ಹಾಕಿ ಆಡಿದಂತೆ.

ಮುಂಗಾರಿನ ಅಲೆಯಲ್ಲಿ ಟ್ಯಾಕ್ ಮಾಡುವ ಗಳಿಗೆಯನ್ನೂ ನೋಡಿ. ಸಾಲಾಗಿ ಬರುವ ಎರಡು ಮೂರು ದೊಡ್ಡ ಅಲೆಗಳು ದಾಟಿದ ಮೇಲಿನ ಸಮತಟ್ಟು ನೀರಿಗೆ ಕಾಯಿರಿ. ಅಲೆಯ ಮುಖಕ್ಕೆ ಮೂತಿ ಕೊಟ್ಟು ತಿರುಗಿಸಿದರೆ ದೋಣಿ ಗಾಳಿಯ ನಡುವೆ ಸಿಕ್ಕಿ ಹಿಂದಕ್ಕೆ ಸರಿಯುತ್ತದೆ.

ಹಂತ 5: ಉದ್ದದ ಟ್ಯಾಕ್ ಮೊದಲು, ಮೂಲೆ ಬೇಡ

ಮಾರ್ಕ್ ನೇರ ಗಾಳಿಯ ಗೆರೆಯಲ್ಲಿ ಇರುವುದು ಅಪರೂಪ. ಗಾಳಿ 240, ಮಾರ್ಕ್ ಇರುವುದು 230ರಲ್ಲಿ, ದೂರ 500 ಮೀಟರ್ ಎಂದುಕೊಳ್ಳಿ. ಆಗ ಸ್ಟಾರ್‌ಬೋರ್ಡ್‌ನಲ್ಲಿ ಸುಮಾರು 410 ಮೀಟರ್, ಪೋರ್ಟ್‌ನಲ್ಲಿ 287 ಮೀಟರ್ ಓಡಬೇಕು. 410ನ್ನು ಮೊದಲು ಹಿಡಿಯಿರಿ. ಉದ್ದದ ಟ್ಯಾಕ್ ಕೋರ್ಸಿನ ನಡುಗೆರೆಯ ಹತ್ತಿರವೇ ಇಟ್ಟಿರುತ್ತದೆ. ಗಾಳಿ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಬಳಸಿಕೊಳ್ಳಲು ಜಾಗ ಇರುತ್ತದೆ. ಗಿಡ್ಡದ್ದನ್ನು ಮೊದಲು ಮುಗಿಸಿದರೆ ಲೇಲೈನಿನ ಮೂಲೆ ಸೇರಿದಿರಿ. ಅಲ್ಲಿ ಲಿಫ್ಟ್ ಬಂದರೆ ಅಷ್ಟೂ ದಂಡ, ಹೆಡರ್ ಬಂದರೆ ಒಳಗಿನವರೆಲ್ಲ ನಿಮ್ಮನ್ನು ದಾಟುತ್ತಾರೆ.

ಇನ್ನೊಂದು ಲೆಕ್ಕ. ಸರಿಸಮನಾಗಿ ಓಡುತ್ತಿರುವ ಎರಡು ದೋಣಿಗಳ ನಡುವೆ ಪಕ್ಕಕ್ಕೆ 100 ಮೀಟರ್ ಅಂತರವಿದ್ದು ಗಾಳಿ 10 ಡಿಗ್ರಿ ತಿರುಗಿದರೆ, ತಿರುಗಿದ ಕಡೆಯ ದೋಣಿಗೆ ಸುಮಾರು 25 ಮೀಟರ್ ಲಾಭ, ಅಂದರೆ ಆರು ದೋಣಿ ಉದ್ದ. ಅಂತರ 20 ಮೀಟರ್ ಇದ್ದರೆ ಐದೇ ಮೀಟರ್. ಹಿಂದೆ ಇರುವವರಿಗೆ ಗುಂಪಿನಿಂದ ದೂರ ಹೋಗುವ ಆಸೆ ಹುಟ್ಟುವುದು ಈ ಲೆಕ್ಕದಿಂದಲೇ. ಆದರೆ ಗಾಳಿ ಇನ್ನೊಂದು ಕಡೆ ತಿರುಗಿದರೆ ಕಳೆದುಕೊಳ್ಳುವುದೂ ಅಷ್ಟೇ. ಅಂಕಿಯ ಸಾಲು ಕೈಯಲ್ಲಿ ಇಲ್ಲದಿದ್ದರೆ ಗುಂಪಿನ ಹತ್ತಿರ ಇರಿ.

ತೂಗಾಡುವ ಗಾಳಿಯಲ್ಲಿ ಹಂತ 4ರಂತೆ ಪ್ರತಿ ನಿಜವಾದ ಹೆಡರಿಗೆ ಟ್ಯಾಕ್. ಒಂದೇ ಕಡೆ ತಿರುಗುತ್ತ ಹೋಗುವ ಗಾಳಿಯಲ್ಲಿ ಹಾಗೆ ಮಾಡಿದರೆ ಕೆಟ್ಟಿರಿ. ಗಾಳಿ ಬಲಕ್ಕೆ ತಿರುಗುತ್ತಿದ್ದರೆ ಮೊದಲು ಬಲಕ್ಕೇ, ಅಂದರೆ ಪೋರ್ಟ್ ಟ್ಯಾಕ್‌ನಲ್ಲಿ, ಹೆಡರ್ ಸಹಿಸಿಕೊಂಡು ಹೋಗಬೇಕು; ಸಾಕಷ್ಟು ಹೋದ ಮೇಲೆ ಟ್ಯಾಕ್ ಮಾಡಿ ದೊಡ್ಡ ಲಿಫ್ಟ್‌ನಲ್ಲಿ ಮಾರ್ಕ್‌ಗೆ ಬರಬೇಕು. ಹೆಡರ್ ಎಂದು ಬೇಗ ತಿರುಗಿದವರು ಎಡಗಡೆ ಉಳಿದು ದೊಡ್ಡ ಸುತ್ತು ಹಾಕುತ್ತಾರೆ.

ನೀರನ್ನೂ ಓದಿ. ಕಪ್ಪು ತೇಪೆಯಂತೆ ಸರಿದು ಬರುವುದು ಗಾಳಿಯ ಹೊಡೆತ. 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ದಾಟಿದ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣುತ್ತದೆ. ಎರಡು ಟ್ಯಾಕ್‌ಗಳೂ ಸಮ ಎನಿಸಿದಾಗ ಹೆಚ್ಚು ಕಪ್ಪಾದ ನೀರಿನ ಕಡೆ ಹೋಗಿ. ಹುಸೇನ್‌ಸಾಗರದಲ್ಲಿ ಓಡಿಸುವವರು (ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ) ಒಂದು ನೆನಪಿಡಿ: ಸುತ್ತಲಿನ ಕಟ್ಟಡಗಳಿಂದ ಅಲ್ಲಿ ಗಾಳಿ ಬೇಗಬೇಗ ತಿರುಗುತ್ತದೆ. ಹಿನ್ನೀರಿನ ಬಯಲಿನಲ್ಲಿ ಕಲಿತ ತಾಳ್ಮೆಯನ್ನು ಅಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕಾದೀತು.

ಹಂತ 6: ಬೇರೆ ದೋಣಿ ಎದುರಾದಾಗ

ಪೋರ್ಟ್ ಟ್ಯಾಕ್‌ನಲ್ಲಿರುವವರು ಸ್ಟಾರ್‌ಬೋರ್ಡ್‌ನವರಿಗೆ ದಾರಿ ಬಿಡಬೇಕು. ಒಂದೇ ಟ್ಯಾಕ್‌ನಲ್ಲಿ ಅಕ್ಕಪಕ್ಕ ಇದ್ದರೆ ಮೇಲ್ಗಾಳಿಯವರು (ಗಾಳಿ ಬರುವ ಕಡೆ ಇರುವವರು) ಕೆಳಗಿನವರಿಗೆ ಬಿಡಬೇಕು. ಟ್ಯಾಕ್ ಮಾಡುತ್ತಿರುವವರು ಎಲ್ಲರಿಗೂ ಬಿಡಬೇಕು.

ಪೋರ್ಟ್‌ನಲ್ಲಿ ದಾಟಲು ಆಗುತ್ತದೋ ಇಲ್ಲವೋ ಎಂದು ತಿಳಿಯಲು ಎದುರು ದೋಣಿಯ ಹಿಂದಿನ ನೆಲ ನೋಡಿ. ಆಚೆ ದಂಡೆಯ ಗುಡ್ಡಗಳ ಸಾಲು ಅದರ ಮೂತಿಯ ಮುಂದೆ ಹೆಚ್ಚುಹೆಚ್ಚು ತೆರೆದುಕೊಳ್ಳುತ್ತಿದ್ದರೆ ನೀವು ಮುಂದೆ ದಾಟುತ್ತೀರಿ. ಮೂತಿ ಗುಡ್ಡವನ್ನು ನುಂಗುತ್ತಿದ್ದರೆ ಅದು ಮುಂದೆ. ಎರಡೂ ಇಲ್ಲದೆ ಒಂದೇ ಗುರುತಿನ ಮೇಲೆ ನಿಂತಿದ್ದರೆ ಡಿಕ್ಕಿ ಖಾತ್ರಿ.

ದಾಟಲಾಗದಿದ್ದರೆ ಹಿಂದಿನಿಂದ ಹೋಗಿ. ಮೂರು ದೋಣಿ ಉದ್ದ ಇರುವಾಗಲೇ ಮೇನ್‌ಶೀಟ್ ಸಡಿಲಿಸಿ ಮೂತಿ ಬಗ್ಗಿಸಿ, ಅವರ ಹಿಂಬದಿ ದಾಟುವ ಹೊತ್ತಿಗೆ ಪೂರ್ತಿ ವೇಗದಲ್ಲಿ ಮತ್ತೆ ಬಿಗಿಯಾಗಿರಿ. ಹೀಗೆ ಮಾಡಿದರೆ ನಷ್ಟ ಒಂದು ದೋಣಿ ಉದ್ದಕ್ಕೂ ಕಡಿಮೆ. ಕೊನೆ ಗಳಿಗೆಯಲ್ಲಿ ಟಿಲ್ಲರ್ (ಚುಕ್ಕಾಣಿಯ ಹಿಡಿ) ಜಗ್ಗಿದರೆ ಮೇನ್‌ಶೀಟ್ ಬಿಡದ ದೋಣಿ ತಿರುಗುವುದೇ ಇಲ್ಲ, ನೆಟ್ಟಗೆ ಅವರ ಹೊಟ್ಟೆಗೆ ಹೋಗುತ್ತದೆ. ತಪ್ಪು ನಿಮ್ಮದಾದರೆ ಕೂಡಲೇ ಗುಂಪಿನಿಂದ ದೂರ ಸರಿದು ಎರಡು ಸುತ್ತು ತಿರುಗಿ.

ಬೇರೆಯವರ ಹಾಯಿಯಿಂದ ಕೆಟ್ಟ ಗಾಳಿ ಕೆಳಬದಿಗೆ ಆರೇಳು ದೋಣಿ ಉದ್ದ ಹರಡುತ್ತದೆ. ಅದರಲ್ಲಿ ಸಿಕ್ಕರೆ ಹತ್ತು ಸೆಕೆಂಡೂ ಕೂರಬೇಡಿ. ಆದರೆ ದೊಡ್ಡ ಲಿಫ್ಟ್‌ನಲ್ಲಿದ್ದರೆ ಮಾತ್ರ ಯೋಚಿಸಿ: ಟ್ಯಾಕ್ ಮಾಡಿ, ಎರಡು ಮೂರು ದೋಣಿ ಉದ್ದ ಓಡಿ, ಶುದ್ಧ ಗಾಳಿ ಸಿಕ್ಕೊಡನೆ ಮತ್ತೆ ಲಿಫ್ಟ್‌ಗೇ ಮರಳಿ.

ಹಂತ 7: ಲೇಲೈನ್ ಮತ್ತು ಮಾರ್ಕ್

ಇನ್ನು ಟ್ಯಾಕ್ ಮಾಡದೆ ಮಾರ್ಕ್ ಮುಟ್ಟಬಹುದಾದ ಗೆರೆಯೇ ಲೇಲೈನ್. ಮಾರ್ಕ್ ನಿಮ್ಮ ಪಕ್ಕಕ್ಕೆ ನೇರ 90 ಡಿಗ್ರಿಗೆ ಬಂದು, ಇನ್ನೊಂದು ಚೂರು ಹಿಂದೆ ಸರಿದಾಗ ಟ್ಯಾಕ್ ಮಾಡಿ. 300 ಮೀಟರ್ ದೂರದಲ್ಲಿ ಐದೇ ಡಿಗ್ರಿ ಅಂದಾಜು ತಪ್ಪಿದರೂ 26 ಮೀಟರ್ ಹೋಯಿತು. ಹಾಗಾಗಿ ಲೇಲೈನಿಗೆ ಬರುವುದು ಮಾರ್ಕ್‌ನಿಂದ 50ರಿಂದ 60 ಮೀಟರ್ ಒಳಗಿರಲಿ. ಮುಂದೆ ಆಗಲೇ ಸ್ಟಾರ್‌ಬೋರ್ಡ್ ಸಾಲು ಗಟ್ಟಿಯಾಗಿದ್ದರೆ ಇನ್ನೊಂದಷ್ಟು ಮುಂಚೆ ಸೇರಿಕೊಂಡು, ಒಂದೂವರೆ ದೋಣಿ ಉದ್ದ ಮೇಲೆಯೇ ಬನ್ನಿ. ಕೆಟ್ಟ ಗಾಳಿಯಲ್ಲಿ ದೋಣಿ ಕೆಳಗೆ ಜಾರುತ್ತದೆ.

ಮಾರ್ಕ್ ಅನ್ನು ಎಡಕ್ಕಿಟ್ಟು ಸುತ್ತುವುದು ವಾಡಿಕೆ. ಮಾರ್ಕ್‌ನ ಸುತ್ತ ಮೂರು ದೋಣಿ ಉದ್ದದ ವಲಯವಿದೆ. ಪೋರ್ಟ್‌ನಲ್ಲಿ ಬಂದು ಆ ವಲಯದೊಳಗೆ ಟ್ಯಾಕ್ ಮಾಡಿ, ವಲಯಕ್ಕೆ ಸ್ಟಾರ್‌ಬೋರ್ಡ್‌ನಲ್ಲೇ ಬಂದ ದೋಣಿ ನಿಮ್ಮಿಂದಾಗಿ ಬಿಗಿ ದಾರಿಗಿಂತಲೂ ಮೇಲಕ್ಕೆ ತಿರುಗಬೇಕಾದರೆ ತಪ್ಪು ನಿಮ್ಮದು. ಎದುರುಗಾಳಿ ಲೆಗ್‌ನಲ್ಲಿ ಎದುರುಬದುರು ಟ್ಯಾಕ್‌ನ ದೋಣಿಗಳ ನಡುವೆ ಒಳಗಿನವರಿಗೆ ಜಾಗ ಎನ್ನುವ ಮಾರ್ಕ್ ನಿಯಮ ಲಾಗೂ ಆಗುವುದಿಲ್ಲ. ಅಲ್ಲಿ «ಜಾಗ ಬಿಡಿ» ಎಂದು ಕೂಗಿ ಪ್ರಯೋಜನವಿಲ್ಲ. ಮಾರ್ಕ್‌ಗೆ ತಾಗಿದರೆ ಒಂದು ಸುತ್ತು ದಂಡ.

ಎಚ್ಚರಿಕೆಯ ಗುರುತುಗಳು

ಎರಡೂ ಟ್ಯಾಕ್‌ನಲ್ಲಿ ಹೆಡರೇ ಕಾಣುತ್ತಿದೆ: ಕುಗ್ಗಿದ ಗಾಳಿಗೆ ಟ್ಯಾಕ್ ಮಾಡುತ್ತಿದ್ದೀರಿ, ಅಥವಾ ನಡು ಅಂಕಿ ಬದಲಾಗಿದೆ. ಎರಡು ಟ್ಯಾಕ್‌ಗಳ ಅಂಕಿಗಳ ನಡುವೆ 90ರ ಬದಲು 105, 110 ಬರುತ್ತಿದೆ: ಇದು ತಂತ್ರದ ತೊಂದರೆಯಲ್ಲ. ಹಾಯಿ ಸಡಿಲ, ದೋಣಿ ವಾಲಿದೆ ಅಥವಾ ಡ್ಯಾಗರ್‌ಬೋರ್ಡ್‌ಗೆ ಹುಲ್ಲು ಸಿಕ್ಕಿದೆ. ಮಾರ್ಕ್ ಇನ್ನೂ ಅರ್ಧ ದೂರವಿರುವಾಗಲೇ ಒಂದು ಕಡೆ ನಿಮ್ಮ ಆಚೆ ಯಾರೂ ಇಲ್ಲ: ಮೂಲೆಗೆ ಹೋಗುತ್ತಿದ್ದೀರಿ.

ಬೇಸಿಗೆಯಲ್ಲಿ, ಹಿಂಗಾರಿನ ಶುರುವಿನಲ್ಲಿ, ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಎದ್ದು ಗಾಳಿ ಒಮ್ಮೆಲೆ ನಿಂತರೆ ರೇಸ್ ಬಿಟ್ಟು ದಂಡೆಗೆ ಬನ್ನಿ. ದೂಳಿನ ಗೋಡೆ ಕಂಡ ಮೇಲೆ ಹೊರಟರೆ ತಡವಾಯಿತು.

ಎರಡು ದೋಣಿಯ ಅಭ್ಯಾಸ

ಹತ್ತು ದೋಣಿ ಬೇಕಿಲ್ಲ, ಎರಡು ಸಾಕು. ಒಂದೇ ಜಾಗದಿಂದ ಒಬ್ಬರು ಸ್ಟಾರ್‌ಬೋರ್ಡ್, ಇನ್ನೊಬ್ಬರು ಪೋರ್ಟ್ ಹಿಡಿದು ಹೊರಡಿ. ಎರಡು ನಿಮಿಷಕ್ಕೆ ಸೀಟಿ, ಇಬ್ಬರೂ ಒಟ್ಟಿಗೆ ಟ್ಯಾಕ್. ಮತ್ತೆ ಸೇರುವಾಗ ಯಾರು ಮುಂದೆ, ಎಷ್ಟು ದೋಣಿ ಉದ್ದ, ಆ ಹೊತ್ತಿನ ಅಂಕಿ ಎಷ್ಟು ಎಂದು ಬರೆಯಿರಿ. ಹೊರಡುವ ಮೊದಲೇ ಯಾರು ಗೆಲ್ಲುತ್ತಾರೆಂದು ಇಬ್ಬರೂ ಡೆಕ್ ಮೇಲೆ ಬರೆದಿಟ್ಟಿರಬೇಕು. ದೋಣಿ ಅದಲುಬದಲು ಮಾಡಿಕೊಂಡು ಮತ್ತೆ ಓಡಿಸಿ, ವೇಗದ ವ್ಯತ್ಯಾಸ ಲೆಕ್ಕ ಕೆಡಿಸದಂತೆ. ಬರೆದಿಟ್ಟದ್ದು ಹತ್ತರಲ್ಲಿ ಏಳು ಸಲ ಸರಿಬರುವವರೆಗೆ ಸ್ಟಾರ್ಟ್, ಮಾರ್ಕ್‌ಗಳ ಅಭ್ಯಾಸಕ್ಕೆ ಹೋಗಬೇಡಿ.